ಸ್ಟುಟ್‌ಗಾರ್ಟ್‌ನ ಮೊದಲ ಚಳಿಗಾಲ, ಮಂಡ್ಯದ ತಾಯಿಯ ಪ್ರಶ್ನೆ

ಪ್ರಶ್ನೆ: ನಾವು ಮಂಡ್ಯದವರು. ನನ್ನ ಮಗಳಿಗೆ 29 ವರ್ಷ. ಇಲ್ಲಿಯ ಪ್ರೌಢಶಾಲೆಯೊಂದರಲ್ಲಿ ಐದು ವರ್ಷ ಗಣಿತ ಪಾಠ ಮಾಡಿದವಳು. ಕಳೆದ ಮೇ ತಿಂಗಳಲ್ಲಿ ಗಂಡನ ಕೆಲಸದ ನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದಳು. ಮೊದಮೊದಲು ಬಹಳ ಖುಷಿಯಾಗಿದ್ದಳು. ದೀಪಾವಳಿ ಕಳೆದ ಮೇಲೆ ಮನೆಯಿಂದ ಹೊರಗೇ ಹೋಗುತ್ತಿಲ್ಲ. ಒಂದು ಭಾನುವಾರ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದಳೆಂದು ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿ ಹೋದರಂತೆ. ಆ ದಿನವೆಲ್ಲ ಅತ್ತಳು. ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ವಿಡಿಯೊ ಕರೆ ಮಾಡಿದರೆ ನಾನು ಸಂಜೆ ದೀಪ ಹಚ್ಚುವವರೆಗೂ ಇಡುವುದಿಲ್ಲ. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೆಲಸ ಮಾಡುತ್ತಿದ್ದರೆ ಸುಮ್ಮನೆ ನೋಡುತ್ತಾ ಕೂತಿರುತ್ತಾಳೆ. ‘ಅಡ್ಜಸ್ಟ್ ಆಗು, ಎಲ್ಲರೂ ಆಗಿಲ್ವಾ’ ಎಂದು ಹೇಳಿ ಹೇಳಿ ಸಾಕಾಗಿದೆ. ಅವಳನ್ನು ಕರೆಸಿಕೊಳ್ಳಲೇ, ನಾನೇ ಹೋಗಲೇ? ಇನ್ನೆಷ್ಟು ದಿನ ಹೀಗೆ?

ಉತ್ತರ: ಮೈಸೂರಿನಲ್ಲಿ ಆಪ್ತಸಮಾಲೋಚನೆ ಮಾಡುತ್ತಿರುವ ನನ್ನ ಬಳಿಗೆ ಈ ವಿಷಯವಾಗಿ ಬರುವವರಲ್ಲಿ ಪರದೇಶಕ್ಕೆ ಹೋದ ಮಕ್ಕಳಿಗಿಂತ ಇಲ್ಲಿ ಉಳಿದ ತಂದೆತಾಯಂದಿರೇ ಹೆಚ್ಚು. ಆದ್ದರಿಂದ ನಿಮ್ಮ ಪತ್ರವನ್ನು ಓದುವಾಗ ನಿಮ್ಮ ಮಗಳ ಸಂಕಟದ ಜೊತೆಗೆ ನಿಮ್ಮ ಆಯಾಸವೂ ನನಗೆ ಕಂಡಿತು. ಮೊದಲು ನೀವು ಒಂದು ಮಾತನ್ನು ನಡೆಸಿಕೊಡಬೇಕು. ‘ಅಡ್ಜಸ್ಟ್ ಆಗು’ ಎನ್ನುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಆ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೂ, ಕೇಳುವವಳಿಗೆ ಅದು ‘ಎಲ್ಲರಿಗೂ ಸಾಧ್ಯವಾದದ್ದು ನಿನಗೆ ಆಗುತ್ತಿಲ್ಲ’ ಎಂದೇ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಏನು ಮಾಡಬೇಕೆಂಬುದನ್ನು ಅದು ಹೇಳುವುದೇ ಇಲ್ಲ.

ನಿಮ್ಮ ಮಗಳು ಕಳೆದುಕೊಂಡಿರುವುದು ಏನೆಂದು ಸ್ವಲ್ಪ ನಿಧಾನವಾಗಿ ನೋಡೋಣ. ಮಂಡ್ಯದಲ್ಲಿ ಅವಳು ಬೆಳಿಗ್ಗೆ ಶಾಲೆಗೆ ಹೊರಟರೆ ಹಾಲಿನವನಿಗೆ ಅವಳು ಯಾರ ಮಗಳೆಂದು ಗೊತ್ತಿತ್ತು. ಪೇಟೆ ಬೀದಿಯಲ್ಲಿ ತರಕಾರಿ ಕೊಂಡರೆ ಕೇಳದೆಯೇ ಎರಡು ಎಸಳು ಕರಿಬೇವು ಚೀಲಕ್ಕೆ ಬೀಳುತ್ತಿತ್ತು. ನೂರಡಿ ರಸ್ತೆಯಲ್ಲಿ ನಡೆದರೆ ಸೈಕಲ್ಲಿನ ಮೇಲೆ ಹೋಗುವ ಯಾವನೋ ಹುಡುಗ ‘ನಮಸ್ತೆ ಮಿಸ್’ ಎಂದು ಕೂಗಿ ಹೋಗುತ್ತಿದ್ದ. ಇವುಗಳಲ್ಲಿ ಯಾವುದನ್ನೂ ಅವಳು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಆದರೆ ‘ನಾನು ಇಂಥವಳು’ ಎಂಬ ನೆಮ್ಮದಿಯನ್ನು ದಿನಕ್ಕೆ ನೂರು ಬಾರಿ ಅವಳ ಕೈಗೆ ಇಡುತ್ತಿದ್ದವರು ಈ ಜನವೇ. ಸ್ಟುಟ್‌ಗಾರ್ಟ್‌ನಲ್ಲಿ ಆ ನೂರು ಕೈಗಳೂ ಒಂದೇ ದಿನದಲ್ಲಿ ಇಲ್ಲವಾದವು. ಹಾಲು ಕೊಳ್ಳುವುದು, ಕಸ ಹಾಕುವುದು, ಬಸ್ಸು ಹತ್ತುವುದು, ನೆರೆಯವರನ್ನು ಮಾತನಾಡಿಸುವುದು ಎಲ್ಲವನ್ನೂ ಯೋಚಿಸಿ, ಹೆದರಿ, ತಪ್ಪಾದೀತೇ ಎಂದು ನೋಡಿಕೊಂಡು ಮಾಡಬೇಕಾಯಿತು. ದಿನವಿಡೀ ಹೀಗೆ ಬದುಕುವವಳಿಗೆ ಸಂಜೆಯ ಹೊತ್ತಿಗೆ ಏನೂ ಮಾಡದೆಯೇ ಸುಸ್ತಾಗಿರುತ್ತದೆ. ಅದು ಸೋಮಾರಿತನವೂ ಅಲ್ಲ, ಮನೋದೌರ್ಬಲ್ಯವೂ ಅಲ್ಲ.

ಹೊಸ ನಾಡಿನ ರೀತಿನೀತಿಗಳ ನಡುವೆ ಮನಸ್ಸಿಗೆ ಆಗುವ ಈ ಆಘಾತಕ್ಕೆ ‘ಕಲ್ಚರ್ ಶಾಕ್’ ಎನ್ನುತ್ತಾರೆ. ಆ ಮಾತನ್ನು ಪ್ರಚಾರಕ್ಕೆ ತಂದವರು ಕಲೇರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು. 1954ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೊ ನಗರದಲ್ಲಿ ಮಹಿಳೆಯರ ಕ್ಲಬ್ಬೊಂದರಲ್ಲಿ ಮಾಡಿದ ಭಾಷಣದಲ್ಲಿ ಅವರು ಇದನ್ನು ವಿವರಿಸಿದರು. ಕೇಳಲು ಕೂತವರು ಪರನಾಡಿನಲ್ಲಿ ಮನೆ ನಡೆಸುತ್ತಿದ್ದ ಹೆಂಗಸರೇ ಆಗಿದ್ದರು ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಾಣುತ್ತದೆ. ಮೊದಲು ಎಲ್ಲವೂ ಚೆಂದವಾಗಿ ಕಾಣುವ ಕಾಲ, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುವ ಕಾಲ, ಅನಂತರ ನಿಧಾನವಾದ ಚೇತರಿಕೆ ಎಂದು ಅವರು ಗುರುತಿಸಿದರು. ಮರುವರ್ಷ ನಾರ್ವೆಯ ಸ್ವೆರೆ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೇಜಿಯನ್ನರನ್ನು ಮಾತನಾಡಿಸಿ, ಆರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಇದ್ದವರೇ ಹೆಚ್ಚು ಕಷ್ಟಪಟ್ಟವರು, ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ಕಾಲ ಇದ್ದವರು ಹೆಚ್ಚು ನೆಮ್ಮದಿಯಾಗಿದ್ದರು ಎಂದು ಬರೆದರು. ನಿಮ್ಮ ಮಗಳು ಅಲ್ಲಿಗೆ ಹೋಗಿ ಈಗ ಎಂಟನೆಯ ತಿಂಗಳು. ಈ ಲೆಕ್ಕ ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ, ಅನೇಕರಿಗೆ ಮೊದಲ ವಾರಗಳೇ ಅತ್ಯಂತ ಕಠಿಣ ಎಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ‘ಇನ್ನು ಇಷ್ಟು ತಿಂಗಳು’ ಎಂದು ನಾನು ದಿನ ಗೊತ್ತುಮಾಡಿ ಹೇಳುವುದಿಲ್ಲ. ಮೊದಲಿನ ಸಂಭ್ರಮ ಇಳಿದ ಮೇಲೆ ಮನಸ್ಸು ಹೀಗೆ ಕುಸಿಯುವುದು ಹೊಸ ಸಂಗತಿಯಲ್ಲ ಎಂಬುದನ್ನು ಮಾತ್ರ ನೀವಿಬ್ಬರೂ ತಿಳಿದಿರಬೇಕು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ‘ದೀಪಾವಳಿ ಕಳೆದ ಮೇಲೆ’ ಎಂಬ ಮಾತು. ಇದರಲ್ಲಿ ಸೂರ್ಯನ ಪಾಲು ದೊಡ್ಡದು. ಮಂಡ್ಯದಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದೂವರೆ ಗಂಟೆ ಇರುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟರ ನಂತರ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಯ ಸುಮಾರಿಗೆ ಮುಳುಗುತ್ತಾನೆ. ಮೋಡ ಮುಚ್ಚಿದ್ದರೆ ಆ ಎಂಟೂಕಾಲು ಗಂಟೆಯೂ ಮುಸ್ಸಂಜೆಯಂತೆಯೇ ಕಳೆಯುತ್ತದೆ. ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಒಂದೇ ಅಳತೆಯ ಹಗಲನ್ನು ಕಂಡ ದೇಹಕ್ಕೆ ಇದು ದೊಡ್ಡ ಪೆಟ್ಟು. ಬೆಳಕು ಕಡಿಮೆಯಾದಾಗ ನಿದ್ರೆ, ಹಸಿವು, ಉತ್ಸಾಹಗಳ ಲಯ ತಪ್ಪಿ ಕೆಲವರಿಗೆ ಖಿನ್ನತೆ ಬರುತ್ತದೆಂದು 1984ರಲ್ಲಿಯೇ ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು ದಾಖಲಿಸಿದ್ದಾರೆ. ಜರ್ಮನಿಯಲ್ಲಿಯೇ ಹುಟ್ಟಿದವರನ್ನೂ ಇದು ಕಾಡುತ್ತದೆ. ಅವರು ಮಳೆ, ಚಳಿ ಎನ್ನದೆ ಕೋಟು ಹಾಕಿಕೊಂಡು ಮಧ್ಯಾಹ್ನ ನಡೆಯಲು ಹೋಗುವುದಕ್ಕೆ ಕಾರಣವಿದೆ. ನಮ್ಮ ಕಡೆ ಬಿಸಿಲಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತೇವೆ. ಅಲ್ಲಿ ಬೆಳಕನ್ನು ಹುಡುಕಿಕೊಂಡು ಹೋಗಬೇಕು. ದಿನಕ್ಕೆ ಮುಕ್ಕಾಲು ಗಂಟೆ, ಅದೂ ಹತ್ತರಿಂದ ಒಂದರೊಳಗೆ, ಬಾಗಿಲಿನಿಂದ ಹೊರಗೆ ಇರುವುದನ್ನು ಔಷಧಿಯಂತೆ ಪಾಲಿಸಲಿ. ವೈದ್ಯರನ್ನು ಕಂಡಾಗ ವಿಟಮಿನ್ ಡಿ ಪರೀಕ್ಷೆಯನ್ನೂ, ಹತ್ತು ಸಾವಿರ ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿನ ದೀಪ ತನಗೆ ಹೊಂದುತ್ತದೆಯೇ ಎಂಬುದನ್ನೂ ಕೇಳಲಿ.

ಇನ್ನು ಫೋನಿನ ವಿಷಯ. ಇದು ನಿಮ್ಮ ಕೈಯಲ್ಲಿಯೇ ಇದೆ, ಆದ್ದರಿಂದ ಸ್ವಲ್ಪ ಕಠಿಣವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ನಿಮ್ಮ ಮಧ್ಯಾಹ್ನದ ಊಟದ ಹೊತ್ತು ಅವಳಿಗೆ ಬೆಳಿಗ್ಗೆ ಒಂಬತ್ತು. ನೀವು ದೀಪ ಹಚ್ಚುವ ಹೊತ್ತು ಅವಳಿಗೆ ಮಧ್ಯಾಹ್ನ ಒಂದೂವರೆ, ಎರಡು. ಎಂದರೆ ಆ ಊರಿನಲ್ಲಿ ಬೆಳಕು ಇರುವ ಉತ್ತಮ ಹೊತ್ತನ್ನೆಲ್ಲ ಅವಳು ನಿಮ್ಮ ಅಡುಗೆಮನೆಯಲ್ಲಿ ಕಳೆಯುತ್ತಿದ್ದಾಳೆ. ದೇಹ ಸ್ಟುಟ್‌ಗಾರ್ಟ್‌ನಲ್ಲಿ, ದಿನ ಮಂಡ್ಯದಲ್ಲಿ. ಕರೆ ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಅದನ್ನು ಕತ್ತಲಿನ ಹೊತ್ತಿಗೆ ಸರಿಸಿ. ಅಲ್ಲಿ ಸಂಜೆ ನಾಲ್ಕೂವರೆ ಆದಾಗ ಇಲ್ಲಿ ರಾತ್ರಿ ಒಂಬತ್ತು. ನಿಮ್ಮ ಊಟ, ಪಾತ್ರೆ ಎಲ್ಲ ಮುಗಿದಿರುತ್ತದೆ, ಅವಳು ರಾತ್ರಿಯ ಅಡುಗೆಗೆ ಶುರು ಮಾಡುತ್ತಿರುತ್ತಾಳೆ. ಆಗ ಫೋನು ಅವಳ ಡಬ್ಬಿಗೆ ಒರಗಿರಲಿ. ಅವಳು ಹಿಟ್ಟು ತೊಳಸುವುದನ್ನು, ಮುದ್ದೆ ಕಟ್ಟುವುದನ್ನು ನೀವು ನೋಡುತ್ತಾ ಕೂತಿರಿ. ಇಷ್ಟೇ ಬದಲಾವಣೆಯಿಂದ ನೋಡುವವಳು ಮಾಡುವವಳಾಗುತ್ತಾಳೆ. ನೀವು ಕೇಳುವ ಪ್ರಶ್ನೆಯೂ ಬದಲಾಗಲಿ. ‘ಹೇಗಿದ್ದೀಯಾ, ಬೇಜಾರಾ?’ ಎಂದು ಕೇಳಿದರೆ ಅವಳಿಗೆ ಅಳು ಬರುತ್ತದೆ. ‘ಇವತ್ತು ಹೊರಗೆ ಏನು ಕಂಡೆ?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವಳು ಒಮ್ಮೆಯಾದರೂ ಹೊರಗೆ ಹೋಗಿಬಂದಿರಬೇಕು.

ಮಿಕ್ಸಿಯ ಪ್ರಸಂಗವನ್ನು ನೀವು ಒಂದೇ ವಾಕ್ಯದಲ್ಲಿ ಬರೆದಿದ್ದೀರಿ, ಆದರೆ ಅವಳು ಮನೆಯೊಳಗೆ ಮುದುಡಿಕೊಂಡದ್ದಕ್ಕೆ ಅದೇ ಮುಖ್ಯ ಕಾರಣವೆಂದು ನನ್ನ ಊಹೆ. ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿ ಬರಿಯ ಅಭ್ಯಾಸವಲ್ಲ. 1919ರ ವೈಮಾರ್ ಸಂವಿಧಾನದಲ್ಲಿದ್ದ ಆ ವಿಧಿಯನ್ನು 1949ರ ಈಗಿನ ಸಂವಿಧಾನವೂ ಉಳಿಸಿಕೊಂಡಿದೆ. ಆ ದಿನ ಸಾಮಾನ್ಯ ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವಂತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಮೌನ ಕಾಯುತ್ತಾರೆ. ಮಾತುಕತೆ, ಅಡುಗೆಯ ಸದ್ದು ಕೋಣೆಯೊಳಗಿನ ಮಟ್ಟದಲ್ಲಿದ್ದರೆ ತಕರಾರಿಲ್ಲ. ನಮ್ಮ ತೆಂಗಿನಕಾಯಿ ರುಬ್ಬುವ ಮಿಕ್ಸಿಯ ಸದ್ದು ಮಾತ್ರ ಆ ಮಟ್ಟದ್ದಲ್ಲ. ಇನ್ನೊಂದು ಸಂಗತಿ: ನಮ್ಮಲ್ಲಿ ನೆರೆಯವರಿಗೆ ಬೇಸರವಾದರೆ ಮುಖಕ್ಕೆ ಹೇಳದೆ ನಾಲ್ಕು ಮನೆಗೆ ಹೇಳುತ್ತಾರೆ, ಅಥವಾ ಮಾತು ಬಿಡುತ್ತಾರೆ. ಆದ್ದರಿಂದ ಬಾಗಿಲಿಗೆ ಬಂದ ಚೀಟಿ ನಿಮ್ಮ ಮಗಳಿಗೆ ಸಂಬಂಧವೇ ಮುರಿದಂತೆ ಕಂಡಿರಬೇಕು. ಅಲ್ಲಿ ಬಹುಮಟ್ಟಿಗೆ ಹೇಳಬೇಕಾದ್ದನ್ನು ನೇರವಾಗಿ ಹೇಳಿ, ಅಲ್ಲಿಗೆ ಬಿಟ್ಟುಬಿಡುತ್ತಾರೆ. ಚೀಟಿ ಅಂಟಿಸಿದವರೇ ಮರುದಿನ ಮೆಟ್ಟಿಲ ಮೇಲೆ ಸಿಕ್ಕರೆ ನಮಸ್ಕಾರ ಹೇಳಿ ಹೋಗುತ್ತಾರೆ. ಚಟ್ನಿಯನ್ನು ಶನಿವಾರ ಸಂಜೆಯೇ ರುಬ್ಬಿಟ್ಟು, ‘ನಿಯಮ ತಿಳಿದಿರಲಿಲ್ಲ, ಕ್ಷಮಿಸಿ, ತಿಳಿಸಿದ್ದಕ್ಕೆ ಧನ್ಯವಾದ’ ಎಂದು ಎರಡು ಸಾಲನ್ನು ಜರ್ಮನ್ ಭಾಷೆಯಲ್ಲಿ ತನ್ನ ಕೈಯಲ್ಲಿಯೇ ಬರೆದು ಆ ಮನೆಯ ಅಂಚೆಪೆಟ್ಟಿಗೆಗೆ ಹಾಕಲಿ. ತಡವಾಗಿದ್ದರೂ ಚಿಂತೆಯಿಲ್ಲ.

ನೆರೆಯವರ ಜೊತೆ ಪರಿಚಯ ಬೆಳೆಸಲು ಆ ಊರಿನಲ್ಲಿಯೇ ಒಂದು ಒಳ್ಳೆಯ ದಾರಿಯಿದೆ, ಮಂಡ್ಯದ ಹೆಣ್ಣುಮಗಳಿಗೆ ಅದು ಬೇಗ ಅರ್ಥವಾಗುತ್ತದೆ. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಪ್ರದೇಶದ ಅನೇಕ ಬಾಡಿಗೆ ಕಟ್ಟಡಗಳಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿ ನಡೆದುಬಂದಿದೆ. ‘ಗುಡಿಸುವ ವಾರ’ ಎಂದು ಅದರ ಅರ್ಥ. ಪ್ರತಿ ವಾರ ಒಂದೊಂದು ಮನೆಯವರು ಮೆಟ್ಟಿಲು, ಬಾಗಿಲ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಪಾಳಿ ಯಾರದೋ ಅವರ ಬಾಗಿಲ ಹಿಡಿಗೆ ಒಂದು ಪುಟ್ಟ ಹಲಗೆ ನೇತುಹಾಕಿರುತ್ತಾರೆ. ಕೆಲಸ ಮುಗಿಸಿದವರು ಆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ದಾಟಿಸುತ್ತಾರೆ. ಎಷ್ಟೋ ಜನ ಭಾರತೀಯರು ಇದನ್ನು ಅವಮಾನವೆಂದು ಭಾವಿಸಿ ದುಡ್ಡು ಕೊಟ್ಟು ಮಾಡಿಸುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಗುಡಿಸಿ ರಂಗೋಲಿ ಇಡುವ ಮನೆಯಿಂದ ಹೋದವಳಿಗೆ ಇದರಲ್ಲಿ ಅವಮಾನ ಏಕೆ ಕಾಣಬೇಕು? ಶನಿವಾರ ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಂತವಳನ್ನು ಇಡೀ ಕಟ್ಟಡ ನೋಡುತ್ತದೆ, ಹೋಗುವವರು ಬರುವವರು ಒಂದು ಮಾತು ಆಡುತ್ತಾರೆ. ಹಾಗೆಯೇ ಯಾರೂ ಇಲ್ಲದಾಗ ಬರುವ ಪಾರ್ಸೆಲ್ಲುಗಳನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವುದು ಅಲ್ಲಿ ರೂಢಿ. ಹಗಲು ಮನೆಯಲ್ಲಿರುವ ನಿಮ್ಮ ಮಗಳು ಅವನ್ನು ಇಸಿದುಕೊಂಡರೆ, ಸಂಜೆ ಬಾಗಿಲು ತಟ್ಟಿ ಪಡೆಯಲು ಬರುವವರೇ ಅವಳ ಮೊದಲ ಪರಿಚಿತರಾಗುತ್ತಾರೆ.

ಭಾಷೆಯಿಲ್ಲದೆ ಇದು ಯಾವುದೂ ಮುಂದೆ ಹೋಗುವುದಿಲ್ಲ. ‘ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ’ ಎಂಬುದು ನಿಮ್ಮ ಅಳಿಯನ ಪ್ರಪಂಚಕ್ಕೆ ನಿಜವಾಗಿರಬಹುದು. ಬೇಕರಿ, ಅಂಚೆ, ಮೆಟ್ಟಿಲುಗಳ ಪ್ರಪಂಚ ಜರ್ಮನ್ನಿನದು. ಕನ್ನಡದವಳಾಗಿರುವುದರಿಂದ ಅವಳಿಗೆ ಕೆಲವು ಅನುಕೂಲಗಳಿವೆ. ನಮ್ಮ ‘ನೀನು’, ‘ನೀವು’ ಭೇದ ಆ ಭಾಷೆಯಲ್ಲಿಯೂ ಇದೆ, ಯಾರಿಗೆ ಯಾವುದು ಎಂಬ ಎಚ್ಚರ ಅವಳಿಗೆ ಹುಟ್ಟಿನಿಂದಲೇ ಬಂದಿದೆ. ಕಾರಣ ಹೇಳುವ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಇಂಗ್ಲಿಷಿನವರಿಗೆ ತೊಡಕು, ನಮಗೆ ಸಹಜ. ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಮೂರೂವರೆಯನ್ನು 3,5 ಎಂದು ಅಲ್ಪವಿರಾಮ ಹಾಕಿ, ಸಾವಿರವನ್ನು 1.000 ಎಂದು ಚುಕ್ಕೆ ಇಟ್ಟು ಬರೆಯುತ್ತಾರೆ. ಗಣಿತದ ಮೇಷ್ಟರಿಗೆ ಇವು ಕುತೂಹಲ ಹುಟ್ಟಿಸುವ ಸಂಗತಿಗಳು, ಅಲ್ಲಿಂದಲೇ ಆರಂಭಿಸಬಹುದು. ತರಗತಿಯಲ್ಲಿ ಕಲಿತ ಜರ್ಮನ್ ಬೀದಿಯಲ್ಲಿ ಕೇಳಿಸದೆ ಹೋದಾಗ ಎದೆಗುಂದಬಾರದು. ಆ ಭಾಗದವರ ಮಾತು ಶ್ವಾಬಿಯನ್ ಉಪಭಾಷೆ. ಪಠ್ಯಪುಸ್ತಕದ ‘ಬರುತ್ತಿದ್ದಾಳೆ’ ಕಲಿತು ಬಂದವನಿಗೆ ಮಂಡ್ಯದ ಸಂತೆಯಲ್ಲಿ ‘ಬತ್ತಾವ್ಳೆ’ ಕೇಳಿಸಿದರೆ ಹೇಗೋ ಹಾಗೆ.

ಫೋನಿನ ಆ್ಯಪಿನಲ್ಲಿ ಒಬ್ಬಳೇ ಕೂತು ಕಲಿಯುವುದನ್ನು ನಾನು ಒಪ್ಪುವುದಿಲ್ಲ. ಅವಳಿಗೆ ಬೇಕಾದದ್ದು ಬೆಂಚು, ಪಕ್ಕದಲ್ಲಿ ಕೂರುವವರು, ತಪ್ಪದೆ ಹೋಗಬೇಕಾದ ಹೊತ್ತು. ಜರ್ಮನಿಯ ಸರ್ಕಾರ ನಡೆಸುವ ‘ಇಂಟಿಗ್ರೇಷನ್ ಕೋರ್ಸ್’ನಲ್ಲಿ ಸಾಮಾನ್ಯವಾಗಿ 600 ಪಾಠಗಳು ಭಾಷೆಗೆ, 100 ಪಾಠಗಳು ಅಲ್ಲಿನ ಕಾನೂನು, ಇತಿಹಾಸ, ಜನಜೀವನಕ್ಕೆ ಮೀಸಲು, ಒಂದೊಂದು ಪಾಠ 45 ನಿಮಿಷ. ‘ಫೋಲ್ಕ್ಸ್‌ಹೋಖ್‌ಶೂಲೆ’ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಇದು ನಡೆಯುತ್ತದೆ. ಸಿರಿಯಾದವಳೋ ಉಕ್ರೇನಿನವಳೋ ಪಕ್ಕದಲ್ಲಿ ಕೂತು ಅದೇ ತಪ್ಪನ್ನು ಮಾಡುವಾಗ ನಾಚಿಕೆ ಅರ್ಧ ಇಳಿದುಹೋಗುತ್ತದೆ. ಮುಂದೆ ಶಾಲೆಯಲ್ಲಿ ಪಾಠ ಮಾಡುವ ಆಸೆಯಿದ್ದರೆ ದಾರಿ ಉದ್ದ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು: ಅಲ್ಲಿ ಶಿಕ್ಷಣ ರಾಜ್ಯಗಳ ಕೈಯಲ್ಲಿದೆ, ನಮ್ಮ ಪದವಿಗೆ ಮಾನ್ಯತೆ ಪಡೆಯಬೇಕು, ಸಾಮಾನ್ಯವಾಗಿ ಎರಡು ವಿಷಯಗಳ ಅರ್ಹತೆ ಕೇಳುತ್ತಾರೆ, ಭಾಷೆಯಲ್ಲಿ ಮೇಲಿನ ಹಂತದ ಹಿಡಿತ ಬೇಕು. ಆದರೆ ಮಕ್ಕಳಿಗೆ ಮನೆಪಾಠ ಹೇಳಲು ಅಷ್ಟೆಲ್ಲ ಬೇಕಾಗಿಲ್ಲ. ವಾರಕ್ಕೆ ಒಂದು ಮಗುವಿಗಾದರೂ ಲೆಕ್ಕ ಹೇಳಿಕೊಟ್ಟರೆ ‘ಮಿಸ್’ ಎಂಬ ಮಾತು ಬೇರೆ ಯಾವುದೋ ರೂಪದಲ್ಲಿ ಅವಳ ಕಿವಿಗೆ ಮತ್ತೆ ಬೀಳುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ನಾವೆಲ್ಲ ಅರ್ಥ ಹುಡುಕುವ ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಅವರು 1853ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕನ್ನಡನಾಡಿಗೆ ಬಂದು, ಕೊನೆಗಾಲವನ್ನು ಟ್ಯೂಬಿಂಗೆನ್‌ನಲ್ಲಿ ಕಳೆದು 1903ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಊರು ಸ್ಟುಟ್‌ಗಾರ್ಟ್‌ನಿಂದ ಸುಮಾರು 40 ಕಿಲೋಮೀಟರ್. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರು ತೀರಿಕೊಂಡ ಎಸ್ಲಿಂಗೆನ್ ಇನ್ನೂ ಹತ್ತಿರ. ಮನೆಯಿಂದ ಹೊರಡಲು ಕಾರಣ ಹುಡುಕುತ್ತಿರುವ ಕನ್ನಡದ ಹುಡುಗಿಗೆ ಈ ಎರಡು ರೈಲು ಪ್ರಯಾಣಗಳಿಗಿಂತ ಒಳ್ಳೆಯ ಕಾರಣ ನನಗೆ ತೋಚುತ್ತಿಲ್ಲ. ಹೋಗಿಬಂದು ಅದರ ಕಥೆಯನ್ನು ಭಾಷಾ ತರಗತಿಯಲ್ಲಿ ಹೇಳಲಿ; ಅಲ್ಲಿಯವರಿಗೂ ಇದು ಹೊಸ ವಿಷಯವಾಗಿರುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಅಳಿಯನ ಬಗ್ಗೆ ನೀವು ಏನೂ ಬರೆದಿಲ್ಲ, ಒಳ್ಳೆಯವನೇ ಇರಬೇಕು. ಒಳ್ಳೆಯ ಗಂಡಂದಿರು ಮಾಡುವ ತಪ್ಪೊಂದಿದೆ: ಹೆಂಡತಿಗೆ ಕಷ್ಟವಾಗಬಾರದೆಂದು ಬಾಡಿಗೆ, ವಿಮೆ, ಬ್ಯಾಂಕು, ಕಾಗದಪತ್ರ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ಆ ದೇಶದಲ್ಲಿ ಇಂದಿಗೂ ಮುಖ್ಯ ವ್ಯವಹಾರಗಳು ಅಂಚೆಯ ಕಾಗದದಲ್ಲಿ ನಡೆಯುತ್ತವೆ. ಬರುವ ಪತ್ರಗಳಲ್ಲಿ ಒಂದು ಬಗೆಯನ್ನಾದರೂ ಅವಳೇ ತೆರೆದು, ನಿಘಂಟು ಇಟ್ಟುಕೊಂಡು ಓದಿ, ಉತ್ತರ ಬರೆಯಲಿ. ಮನೆಯ ಹೊರಗಿನ ಒಂದು ಕೆಲಸ ಪೂರ್ತಿ ಅವಳ ಹೆಸರಿನಲ್ಲಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ದುಃಖ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ರೆ ಮತ್ತು ಊಟ ಕೆಡುವುದು, ತಾನು ಯಾವುದಕ್ಕೂ ಬಾರದವಳೆಂಬ ಮಾತು ಇದ್ದರೆ ಅದನ್ನು ಊರಿನ ನೆನಪು ಎಂದು ತಳ್ಳಿಹಾಕದೆ ಖಿನ್ನತೆಯಾಗಿರಬಹುದೆಂದು ನೋಡಬೇಕು. ಅವಳು ತನ್ನ ಬಡಾವಣೆಯ ಕುಟುಂಬ ವೈದ್ಯರ ಬಳಿ ಮೊದಲು ಹೋಗಲಿ. 116117 ಎಂಬ ವೈದ್ಯಕೀಯ ನೆರವಿನ ದೂರವಾಣಿ ಸಂಖ್ಯೆಯ ಮೂಲಕ ಮನೋಚಿಕಿತ್ಸಕರ ಮೊದಲ ಭೇಟಿಯನ್ನು ಕೇಳಬಹುದು, ಪೂರ್ಣ ಚಿಕಿತ್ಸೆಗೆ ಕಾಯಬೇಕಾಗುವುದರಿಂದ ಬೇಗ ಕೇಳುವುದೇ ಮೇಲು. ಬದುಕುವುದು ಬೇಡ ಎಂಬ ಮಾತು ಒಮ್ಮೆ ಬಂದರೂ ತಡಮಾಡದೆ ಅಳಿಯನಿಗೆ ತಿಳಿಸಿ. ಜರ್ಮನಿಯ ತುರ್ತು ಸಂಖ್ಯೆ 112. ಹಗಲು ರಾತ್ರಿ ಉಚಿತವಾಗಿ ಮಾತನಾಡಿಸುವ ದೂರವಾಣಿ ಸೇವೆ 0800 111 0 111. ಈ ಸಂಖ್ಯೆಗಳನ್ನು ಅವಳ ಅಡುಗೆಮನೆಯ ಗೋಡೆಗೆ ಅಂಟಿಸಿಡಲು ಹೇಳಿ.

ಕರೆಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಶಾಶ್ವತವಾಗಿ ಬರುವ ತೀರ್ಮಾನವನ್ನು ಕತ್ತಲಿನ ತಿಂಗಳುಗಳಲ್ಲಿ ಮಾಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ ಸಂಜೆಯ ಬೆಳಕು ಬೇಗ ಬೇಗ ಬೆಳೆಯುತ್ತದೆ. ಒಂದು ಬೇಸಿಗೆ ಕಳೆದ ಮೇಲೂ ಇರಲಾರೆ ಎಂದರೆ ಅವಳ ಮಾತನ್ನು ಗೌರವಿಸಿ. ಹಿಂದಿರುಗಿ ಬರುವುದು ಸೋಲಲ್ಲ. ಹಬ್ಬಕ್ಕೆ ಕೆಲವು ವಾರ ಬಂದುಹೋಗುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಹಿಂದಿರುಗುವ ಟಿಕೆಟ್ಟು ಕೈಯಲ್ಲಿರಲಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯ ಹೊರಗಿದ್ದರೆ ಅಲ್ಲಿನ ವಾಸದ ಪರವಾನಗಿ ಸಾಮಾನ್ಯವಾಗಿ ರದ್ದಾಗುತ್ತದೆ. ಗಂಡನದು ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಆಗಿದ್ದರೆ ಕುಟುಂಬಕ್ಕೆ ಹನ್ನೆರಡು ತಿಂಗಳ ಅವಕಾಶವಿದೆ. ಆದ್ದರಿಂದ ದೀರ್ಘಕಾಲ ಬರುವ ಮುನ್ನ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಕೇಳಿಕೊಳ್ಳಲಿ.

ನೀವು ಹೋಗುವುದಾದರೆ ಈಗ ಬೇಡ, ಮೇ ಅಥವಾ ಜೂನ್ ತಿಂಗಳಲ್ಲಿ ಹೋಗಿ. ಜೂನ್‌ನಲ್ಲಿ ಅಲ್ಲಿ ಹಗಲು ಹದಿನಾರು ಗಂಟೆ. ಜರ್ಮನಿಯೂ ಸೇರಿ ಯುರೋಪಿನ ಅನೇಕ ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊಗಳ ಪ್ರಯಾಣ ಆರೋಗ್ಯವಿಮೆ ಬೇಕು, ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಆರು ವಾರ ಸಾಕು ಎಂದು ನನಗೆ ಅನಿಸುತ್ತದೆ. ಈಗಲೇ ಅವಳಿಗೆ ಹೇಳಿ: ‘ನಾನು ಬರುತ್ತೇನೆ, ನನಗೆ ಅಲ್ಲಿ ಏನೂ ಗೊತ್ತಿಲ್ಲ, ನೀನೇ ಎಲ್ಲ ತೋರಿಸಬೇಕು’ ಎಂದು. ಹೋದ ಮೇಲೆ ಅವಳ ಅಡುಗೆಮನೆಯನ್ನು ನಿಮ್ಮ ವಶಕ್ಕೆ ತೆಗೆದುಕೊಳ್ಳಬೇಡಿ. ಯಾವ ತೊಟ್ಟಿಗೆ ಯಾವ ಕಸ, ಯಾವ ಬಾಟಲಿ ಹಿಂದಿರುಗಿಸಿದರೆ 25 ಸೆಂಟ್ ಬರುತ್ತದೆ, ಬಸ್ಸಿನಲ್ಲಿ ಟಿಕೆಟ್ಟು ಹೇಗೆ ಎಂದು ಅವಳನ್ನೇ ಕೇಳಿ. ಬೇಕರಿಯಲ್ಲಿ ಅವಳ ಹಿಂದೆ ನಿಂತು, ನಿಮಗೆ ಬೇಕಾದ್ದನ್ನು ಅವಳ ಬಾಯಿಂದ ಜರ್ಮನ್ನಿನಲ್ಲಿ ಕೇಳಿಸಿ.